ಅಪ್‌ಡೇಟ್: ಟಿ-ಶರ್ಟ್ ಹಾರಿಸುವ ಗಾಳಿ ಫಿರಂಗಿ ಕೊನೆಗೂ ಸರಿಯಾಯಿತು
ನಾನು ತಯಾರಿಸಿದ ಫಿರಂಗಿಯಿಂದ ಟಿ-ಶರ್ಟ್ ಹತ್ತು ಅಡಿಯೂ ಹಾರುತ್ತಿಲ್ಲ ಎಂದು ಕಳೆದ ವಾರ ಸಲಹೆ ಕೇಳಿದ್ದೆ. ಒತ್ತಡ ಹೆಚ್ಚಿಸುವ ಸಲಹೆಯಿಂದ ಪ್ರಯೋಜನವಾಗಲಿಲ್ಲ; ಕೈಯಿಂದ ತಿರುಗಿಸುವ ಬಾಲ್ ವಾಲ್ವ್ ನಿಧಾನವಾಗಿ ತೆರೆದುಕೊಳ್ಳುತ್ತಿದ್ದುದರಿಂದ ಗಾಳಿಯೆಲ್ಲ ಬಟ್ಟೆಯ ಸುತ್ತಲಿನ ಸಂದಿಯಲ್ಲೇ ಸೋರಿಹೋಗುತ್ತಿತ್ತು. ಅದರ ಬದಲು ತುಂತುರು ನೀರಾವರಿಗೆ ಬಳಸುವ 1 ಇಂಚಿನ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ಬೇಗನೆ ತೆರೆದುಕೊಳ್ಳುವ ಕವಾಟ) ಜೋಡಿಸಿ, ಅಂಗಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಜನರಿಲ್ಲದ ಬಯಲಿನಲ್ಲಿ ಮೇಲ್ಮುಖವಾಗಿ ಹಾರಿಸಿದಾಗ, 40 ಪಿಎಸ್‌ಐ (ಪ್ರತಿ ಚದರ ಇಂಚಿಗೆ ಪೌಂಡ್) ಒತ್ತಡದಲ್ಲೇ ಅದು ಬಹುದೂರ ಹೋಗಿ ಬಿದ್ದಿತು.

ನನ್ನನ್ನು ಬೆಚ್ಚಿಬೀಳಿಸಿದ ಸಂಗತಿಯೇ ಬೇರೆ. ನಾನು ಗಾಳಿ ತುಂಬುತ್ತಿದ್ದ ಪಿವಿಸಿ ಪೈಪಿನ ಮೇಲೆ ಮುದ್ರಿಸಿರುವ ಒತ್ತಡದ ಮಿತಿ ನೀರಿಗೆ ಸಂಬಂಧಿಸಿದ್ದು. ಅದುಮಿಟ್ಟ ಗಾಳಿಯಿಂದ ಅದು ಒಡೆದರೆ ಚೂಪಾದ ಚೂರುಗಳು ಸಿಡಿಯುತ್ತವೆ. ಆದ್ದರಿಂದ ಅದನ್ನು ತೆಗೆದುಹಾಕಿ, ಕಂಪ್ರೆಸರ್‌ಗೆಂದೇ ತಯಾರಾದ ಉಕ್ಕಿನ ಟ್ಯಾಂಕನ್ನು ಸೇಫ್ಟಿ ವಾಲ್ವ್ ಸಹಿತ ಅಳವಡಿಸಿದ್ದೇನೆ. ಈ ಬದಲಾವಣೆಗೆ ಪಟ್ಟು ಹಿಡಿದವರಿಗೆ ನಾನು ಋಣಿಯಾಗಿದ್ದೇನೆ.