ಫುಕುಶಿಮಾ ತೋರಿಸಿ ಮನವಿ ಬರೆದರೆ ಫಲ ಇದೆಯಾ? ಅನುಭವ ಇದ್ದವರು ಹೇಳಿ

ಕೇಳಿದವರು, ಕೊಲ್ಹಾರ:

ಎಲ್ಲರಿಗೂ ನಮಸ್ಕಾರ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಾರಂತೆ ಎಂಬ ಮಾತು ಊರೂರಲ್ಲಿ ಹಬ್ಬಿದೆ. ನಮ್ಮ ಯುವಕ ಸಂಘದವರು ಒಂದು ಮನವಿ ಬರೆದಿದ್ದೇವೆ. ‘ಜಪಾನಿನ ಫುಕುಶಿಮಾದಲ್ಲಿ ಏನಾಯಿತು ಎಂದು ಜಗತ್ತೇ ನೋಡಿದೆ, ಆದ್ದರಿಂದ ಇಲ್ಲಿ ಯಾವ ಸ್ಥಾವರಕ್ಕೂ ಪರವಾನಗಿ ಕೊಡಬಾರದು’ ಎಂಬುದು ಅದರ ಸಾರ. ಸಹಿ ಹಾಕಲು ಜನ ತಯಾರಿದ್ದಾರೆ. ಆದರೆ ಊರಿನ ಹಿರಿಯರೊಬ್ಬರು, ‘ಎಲ್ಲಿಯದೋ ಅಪಘಾತ ತೋರಿಸಿ ಇಲ್ಲಿಯ ಕೆಲಸ ನಿಲ್ಲಿಸಿ ಅಂದರೆ ಯಾರು ಕೇಳುತ್ತಾರೆ?’ ಎಂದರು. ಇಂಥ ಮನವಿಗೆ ಎಲ್ಲಾದರೂ ಬೆಲೆ ಸಿಕ್ಕಿದೆಯಾ? ಹೇಗೆ ಬರೆಯಬೇಕು?

ವಕೀಲೆ, ಬೆಳಗಾವಿ:

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದಿ. ನಾನು ಪರಿಸರದ ಕೇಸುಗಳನ್ನು ನೋಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಮನವಿಯಂಥದೇ ಒಂದು ಮನವಿ ಅಮೆರಿಕದಲ್ಲಿ ಹೋಗಿತ್ತು. ಫುಕುಶಿಮಾ ಅಪಘಾತ ಆಗಿದ್ದು 2011ರ ಮಾರ್ಚ್ 11ರಂದು. ಮುಂದಿನ ತಿಂಗಳೇ ಅಲ್ಲಿನ ಹತ್ತಾರು ಸಂಘಟನೆಗಳು ಸೇರಿ ಅಣು ನಿಯಂತ್ರಣ ಆಯೋಗಕ್ಕೆ ತುರ್ತು ಅರ್ಜಿ ಕೊಟ್ಟವು. ಜಪಾನಿನಲ್ಲಿ ಏನು ತಪ್ಪಾಯಿತು ಎಂಬ ತನಿಖೆ ಮುಗಿಯುವ ತನಕ ಹೊಸ ಸ್ಥಾವರಗಳ ಪರವಾನಗಿ ತೀರ್ಮಾನಗಳನ್ನು ತಡೆಯಿರಿ ಎಂದು ಕೇಳಿದವು. ‘ಎಂದೆಂದಿಗೂ ಬೇಡ’ ಅನ್ನಲಿಲ್ಲ, ‘ಪಾಠ ತಿಳಿಯುವ ತನಕ ಕಾಯಿರಿ’ ಅಂದರು. ಅಷ್ಟು ವಿವೇಕದ ಕೋರಿಕೆಯನ್ನೂ ಆಯೋಗ ಸೆಪ್ಟೆಂಬರಿನಲ್ಲಿ ಬಹುಪಾಲು ತಳ್ಳಿಹಾಕಿತು. ಈಗಲೇ ನಿಲ್ಲಿಸುವಂಥ ಅಪಾಯ ಇಲ್ಲ, ಕಲಿತ ಪಾಠವನ್ನು ಆಮೇಲೂ ಸೇರಿಸಬಹುದು ಎಂಬುದು ಅವರ ವಾದ. 2012ರ ಫೆಬ್ರುವರಿಯಲ್ಲಿ ಜಾರ್ಜಿಯಾ ರಾಜ್ಯದ ವೋಗಲ್ ಸ್ಥಾವರದ ಎರಡು ಹೊಸ ರಿಯಾಕ್ಟರುಗಳಿಗೆ ಪರವಾನಗಿಯೂ ಸಿಕ್ಕಿತು. ನಾಲ್ವರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಒಪ್ಪದವರು ಆಯೋಗದ ಅಧ್ಯಕ್ಷ ಗ್ರೆಗರಿ ಯಾಸ್ಕೊ ಅವರೇ. ಫುಕುಶಿಮಾ ನಡೆದೇ ಇಲ್ಲ ಎಂಬಂತೆ ಪರವಾನಗಿ ಕೊಡುವುದು ತಮಗೆ ಸಾಧ್ಯವಿಲ್ಲ ಎಂದು ಅವರು ಹೇಳಿದರು. ಆದರೆ ಒಂದು ಓಟಿನಿಂದ ಏನಾಗುತ್ತದೆ?

ಈಗ ಎರಡನೇ ಕಥೆ ಕೇಳು. ಅದೇ 2012ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಬಳಸಿ ತೆಗೆದ ಇಂಧನವನ್ನು ವರ್ಷಗಟ್ಟಲೆ ಸ್ಥಾವರದಲ್ಲೇ ಇಟ್ಟರೆ ಪರಿಸರಕ್ಕೆ ಏನಾಗುತ್ತದೆ ಎಂದು ಆಯೋಗ ಸರಿಯಾಗಿ ಅಧ್ಯಯನ ಮಾಡಿಲ್ಲ ಎಂದು ಹೇಳಿ ಆ ಕುರಿತ ನಿಯಮವನ್ನೇ ರದ್ದು ಮಾಡಿತು. ಕೂಡಲೇ ಸಂಘಟನೆಗಳು ಹೊಸ ಅರ್ಜಿ ಹಾಕಿದವು: ಈ ಅಧ್ಯಯನ ಆಗುವ ತನಕ ಅಂತಿಮ ಪರವಾನಗಿ ಕೊಡಬೇಡಿ. ಆಗಸ್ಟಿನಲ್ಲಿ ಆಯೋಗ ಒಪ್ಪಿತು. ಸುಮಾರು 2 ವರ್ಷ, ಹೊಸ ನಿಯಮ ಬರುವ ತನಕ, ಅಂತಿಮ ಪರವಾನಗಿಗಳು ನಿಂತವು.

ಮೂರು ರಿಯಾಕ್ಟರುಗಳ ಒಡಲೇ ಕರಗಿದ ಅಪಘಾತ ತೋರಿಸಿದಾಗ ನಿಲ್ಲದ್ದು, ಒಂದು ಅಧ್ಯಯನದ ಕೊರತೆ ತೋರಿಸಿದಾಗ ನಿಂತಿತು. ನನಗೂ ಇದು ನ್ಯಾಯ ಅನ್ನಿಸುವುದಿಲ್ಲ. ಆದರೆ ಕಚೇರಿ, ಕೋರ್ಟು ಕೆಲಸ ಮಾಡುವುದೇ ಹೀಗೆ. ‘ಅಲ್ಲಿ ದೊಡ್ಡ ಅನಾಹುತ ಆಯಿತು’ ಅಂದರೆ ಅಧಿಕಾರಿ ‘ನಮ್ಮದು ಬೇರೆ’ ಅನ್ನುತ್ತಾನೆ. ‘ನೀವು ಮಾಡಲೇಬೇಕಾದ ಈ ಕೆಲಸ ಮಾಡಿಲ್ಲ, ಅದು ಆಗುವ ತನಕ ಈ ಹಂತ ದಾಟಬೇಡಿ’ ಅಂದರೆ ಅವನು ಬರೆದು ಉತ್ತರ ಕೊಡಬೇಕಾಗುತ್ತದೆ.

ನಮ್ಮ ದೇಶದಲ್ಲೂ ನೋಡು. ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ವಿರುದ್ಧ ಇಡಿಂತಕರೈ ಊರಿನ ಮೀನುಗಾರರು ಅಷ್ಟು ದೊಡ್ಡ ಹೋರಾಟ ಮಾಡಿದರು. ಮದ್ರಾಸ್ ಹೈಕೋರ್ಟು 2012ರಲ್ಲಿ ಅರ್ಜಿ ವಜಾ ಮಾಡಿತು. 2013ರ ಮೇ 6ರಂದು ಸುಪ್ರೀಂ ಕೋರ್ಟು ಸ್ಥಾವರ ನಡೆಸಲು ಒಪ್ಪಿತು. ಆದರೆ 15 ನಿರ್ದೇಶನಗಳನ್ನೂ ಕೊಟ್ಟಿತು. ಸುರಕ್ಷತೆ, ಬಳಸಿದ ಇಂಧನ, ತುರ್ತು ತಾಲೀಮು, ಹೋರಾಟಗಾರರ ಮೇಲಿನ ಕ್ರಿಮಿನಲ್ ಕೇಸು ಹಿಂತೆಗೆಯುವ ಪ್ರಯತ್ನ, ಎಲ್ಲವೂ ಅದರಲ್ಲಿವೆ. ಪೂರ್ತಿ ಗೆಲುವು ಸಿಗಲಿಲ್ಲ. ಸಿಕ್ಕಿದ್ದರಲ್ಲಿ ಬಹಳಷ್ಟು ಅರ್ಜಿದಾರರು ಗುರುತಿಟ್ಟು ಕೇಳಿದ್ದರಿಂದ ಸಿಕ್ಕಿದ್ದು.

ಕುಡಗಿ ಪಕ್ಕದ ಊರಿನವರು:

ಅಕ್ಕಾ ಹೇಳಿದ್ದಕ್ಕೆ ಸಾಕ್ಷಿ ನಮ್ಮ ಮನೆ ಬಾಗಿಲಲ್ಲೇ ಇದೆ. ಕುಡಗಿ ಶಾಖೋತ್ಪನ್ನ ಸ್ಥಾವರಕ್ಕೆ ಕೊಟ್ಟ ಪರಿಸರ ಅನುಮತಿಯನ್ನು 2014ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆಹಿಡಿದು, ತಜ್ಞರ ಸಮಿತಿ ಮತ್ತೆ ಪರಿಶೀಲಿಸಲಿ ಎಂದಿತು. ಹೊಗೆ, ಬೂದಿ ಎಂದು ನಾವು ಎಷ್ಟೋ ಕೂಗಿದ್ದೆವು. ಆದರೆ ನ್ಯಾಯಮಂಡಳಿಯಲ್ಲಿ ದೊಡ್ಡದಾಗಿ ನಿಂತದ್ದು ಬೇರೆ ಮಾತು: ಕಾಗದದಲ್ಲಿ ಜಮೀನನ್ನು ಬರಡು ಎಂದು ತೋರಿಸಿದ್ದರು, ಅಲ್ಲಿ ನಮ್ಮವರು ಬೆಳೆ ತೆಗೆಯುತ್ತಿದ್ದರು. ಪಹಣಿ ತೋರಿಸಿದರೆ ಸುಳ್ಳು ಯಾವುದು ಎಂದು ಗೊತ್ತಾಗುತ್ತದೆ ಅಲ್ವಾ?

ಸ್ಥಾವರ ನಿಲ್ಲಲಿಲ್ಲ, ಅದು ನಿಜ. ಅದೇ ವರ್ಷ ಜುಲೈಯಲ್ಲಿ ಪ್ರತಿಭಟನೆಯ ಮೇಲೆ ಗೋಲಿಬಾರ್ ಕೂಡ ಆಯಿತು, ರೈತರಿಗೆ ಗಾಯಗಳಾದವು. ಇವತ್ತು 2400 ಮೆಗಾವ್ಯಾಟ್ ಘಟಕಗಳು ನಡೆಯುತ್ತಿವೆ. ಆದ್ದರಿಂದ ನಮ್ಮ ಭಾಗದವರಿಗೆ ನನ್ನ ಕೈಮುಗಿದ ಮಾತು: ಕಟ್ಟಡ ಎದ್ದ ಮೇಲೆ ಬೀದಿಗೆ ಇಳಿಯಬೇಡಿ. ಸರ್ವೆ ಮಾಡುವವರು ಬರುವ ಮೊದಲೇ ಪಹಣಿ, ಬೆಳೆ ದೃಢೀಕರಣ, ಬೋರ್‌ವೆಲ್‌ಗಳ ಲೆಕ್ಕ, ಕಾಲುವೆ ನೀರು ಬರುವ ಸರ್ವೆ ನಂಬರು, ಎಲ್ಲ ಒಂದು ಫೈಲಿನಲ್ಲಿ ಇರಲಿ.

ನಿವೃತ್ತ ಎಂಜಿನಿಯರ್, ಬೆಳಗಾವಿ:

ನಾನು ಅಣು ವಿದ್ಯುತ್ ವಿರೋಧಿ ಅಲ್ಲ. ವಿದ್ಯುತ್ ಕ್ಷೇತ್ರದಲ್ಲೇ ಬದುಕು ಕಳೆದವನು. ನಮ್ಮ ಕೈಗಾ ಅಣು ಸ್ಥಾವರದ ಒಂದನೇ ಘಟಕ 2018ರಲ್ಲಿ 962 ದಿನ ಸತತವಾಗಿ ನಡೆದು ವಿಶ್ವದಾಖಲೆ ಮಾಡಿದಾಗ ಹೆಮ್ಮೆಪಟ್ಟವನು. ಆದರೂ ಈ ಹುಡುಗರ ಮನವಿ ಗಟ್ಟಿಯಾಗಲಿ ಎಂದು ಮನಸಾರೆ ಬಯಸುತ್ತೇನೆ. ಒಳ್ಳೆಯ ಪ್ರಶ್ನೆ ಕೇಳುವ ಊರಿನಲ್ಲಿ ಒಳ್ಳೆಯ ಕೆಲಸ ಆಗುತ್ತದೆ.

ಫುಕುಶಿಮಾ ಅಂದರೆ ಸುನಾಮಿ ಎಂದು ಬರೆದರೆ ನಿಮ್ಮ ಮನವಿ ಒಂದೇ ಸಾಲಿನಲ್ಲಿ ಬಿದ್ದುಹೋಗುತ್ತದೆ. ‘ವಿಜಯಪುರಕ್ಕೆ ಸಮುದ್ರ ಎಲ್ಲಿದೆ?’ ಎಂದು ಕೇಳಿ ಮುಚ್ಚಿಬಿಡುತ್ತಾರೆ. ಅಲ್ಲಿ ಆದದ್ದನ್ನು ಸರಿಯಾಗಿ ತಿಳಿದುಕೊಳ್ಳಿ. ಭೂಕಂಪ ಆದ ತಕ್ಷಣ ರಿಯಾಕ್ಟರುಗಳು ತಾವಾಗಿಯೇ ನಿಂತವು. ಹೊರಗಿನ ವಿದ್ಯುತ್ ತಂತಿ ಹೋಯಿತು. ಡೀಸೆಲ್ ಜನರೇಟರುಗಳು ಶುರುವಾದವು. ಆಮೇಲೆ ನೀರು ನುಗ್ಗಿ ಜನರೇಟರು, ಸ್ವಿಚ್ ಬೋರ್ಡುಗಳು ಮುಳುಗಿದವು. ವಿದ್ಯುತ್ ಇಲ್ಲ, ಪಂಪು ಇಲ್ಲ, ತಣ್ಣೀರು ಇಲ್ಲ. ರಿಯಾಕ್ಟರ್ ನಿಲ್ಲಿಸಿದರೂ ಒಳಗಿನ ಇಂಧನ ಬೂದಿ ಮುಚ್ಚಿದ ಕೆಂಡದ ಹಾಗೆ ಶಾಖ ಕೊಡುತ್ತಲೇ ಇರುತ್ತದೆ. ಲೆಕ್ಕ ಬೇಕಾದರೆ ಹೇಳುತ್ತೇನೆ. 700 ಮೆಗಾವ್ಯಾಟ್ ವಿದ್ಯುತ್ ಕೊಡುವ ಘಟಕದಲ್ಲಿ ಹುಟ್ಟುವ ಶಾಖ ಸುಮಾರು 2100 ಮೆಗಾವ್ಯಾಟ್. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇ 6ರಿಂದ 7ರಷ್ಟು ಉಳಿದಿರುತ್ತದೆ. ಒಂದು ದಿನ ಕಳೆದರೂ ಶೇ ಅರ್ಧದಷ್ಟು, ಅಂದರೆ ಸುಮಾರು 10 ಮೆಗಾವ್ಯಾಟ್ ಇರುತ್ತದೆ. ಅದನ್ನು ಹೊರಗೆ ಸಾಗಿಸಲು ನೀರು ಬೇಕೇ ಬೇಕು.

ಹಾಗಾಗಿ ಫುಕುಶಿಮಾದ ಪಾಠ ಒಳನಾಡಿಗೂ ಬರುತ್ತದೆ, ಆದರೆ ಬೇರೆ ರೂಪದಲ್ಲಿ. ನಿಮ್ಮ ಮನವಿ ಕೇಳಬೇಕಾದದ್ದು ಇದು: ಗ್ರಿಡ್ ವಿದ್ಯುತ್ ಮತ್ತು ಡೀಸೆಲ್ ಎರಡೂ ಒಟ್ಟಿಗೆ ಹೋದರೆ ಎಷ್ಟು ಹೊತ್ತು ತಡೆಯುತ್ತದೆ? ಬೇಸಿಗೆಯಲ್ಲಿ ಕೃಷ್ಣೆ ಒಣಗಿ ಆಲಮಟ್ಟಿ ತಳ ಕಂಡಾಗ ತಂಪಿನ ನೀರು ಎಲ್ಲಿಂದ? ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ಒಮ್ಮೆಲೇ ನೀರು ಬಂದರೆ ಜನರೇಟರು ಯಾವ ಎತ್ತರದಲ್ಲಿ ಇರುತ್ತದೆ? ಭೂಕಂಪಕ್ಕೆ ಯಾವ ಘಟನೆಗಳನ್ನು ಲೆಕ್ಕಕ್ಕೆ ಹಿಡಿದಿದ್ದೀರಿ? 1967ರ ಕೊಯ್ನಾ, 1993ರ ಕಿಲ್ಲಾರಿ ಎರಡೂ ನಮಗೆ ದೂರದವಲ್ಲ. 2021, 2022ರಲ್ಲಿ ವಿಜಯಪುರ ಜಿಲ್ಲೆಯಲ್ಲೇ ಸಣ್ಣ ಕಂಪನಗಳು ಆಗಿ ಜನ ಮನೆಯಿಂದ ಹೊರಗೆ ಓಡಿ ಬಂದದ್ದು ನಿಮಗೇ ಗೊತ್ತು.

ಇನ್ನೊಂದು ಮಾತು. ಪಾಠಕ್ಕೆ ಜಪಾನಿಗೇ ಹೋಗಬೇಕಿಲ್ಲ. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ರಿಯಾಕ್ಟರ್ ಕಟ್ಟಡದ ಒಳ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇಂಧನ ತುಂಬುವ ಮೊದಲು ಆದದ್ದು ಪುಣ್ಯ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ನಮ್ಮ ರಾಜ್ಯದ ಇಂಥ ಉದಾಹರಣೆ ಅಧಿಕಾರಿಗಳಿಗೆ ಜಾಸ್ತಿ ತಟ್ಟುತ್ತದೆ.

ರೈತರು, ಬಾಗಲಕೋಟೆ:

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ‘ಯೋಜನೆ’ ಅಂದರೆ ಏನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಕಾಯ್ದೆ ಓದಿದವನಲ್ಲ, ಅಹವಾಲು ಸಭೆ ನೋಡಿದವನು. ಅದನ್ನಷ್ಟು ಹೇಳುತ್ತೇನೆ.

ನಮ್ಮ ಕಡೆ ಒಂದು ಸಕ್ಕರೆ ಕಾರ್ಖಾನೆ ದೊಡ್ಡದು ಮಾಡಲು ಸಾರ್ವಜನಿಕ ಅಹವಾಲು ಸಭೆ ಕರೆದಿದ್ದರು. ಪೆಂಡಾಲು, ಪೊಲೀಸರು, ಊಟ, ಎಲ್ಲ ಇತ್ತು. ಮೈಕಿನಲ್ಲಿ ಅರ್ಧ ತಾಸು ಆವೇಶದಿಂದ ಮಾತಾಡಿದವರ ಮಾತು ನಡಾವಳಿಯಲ್ಲಿ ‘ಕೆಲವರು ವಿರೋಧ ವ್ಯಕ್ತಪಡಿಸಿದರು’ ಎಂದು ಒಂದೇ ಸಾಲು ಆಯಿತು. ಪಕ್ಕದ ಹಳ್ಳಿಯ ಹೆಣ್ಣುಮಕ್ಕಳು ಸ್ತ್ರೀಶಕ್ತಿ ಸಂಘದಿಂದ ಬರೆದು ತಂದಿದ್ದ ತಕರಾರು ಪೂರ್ತಿ ದಾಖಲಾಯಿತು. ಹಳ್ಳದ ನೀರು ಯಾವ ತಿಂಗಳಲ್ಲಿ ಕೆಂಪಾಗುತ್ತದೆ, ಯಾವ ಬಾವಿ ಕೆಟ್ಟಿತು ಎಂದು ಬರೆದಿದ್ದರು. ಕಾರ್ಖಾನೆಯವರು ಅದಕ್ಕೆ ಒಂದೊಂದಾಗಿ ಉತ್ತರ ಕೊಡಬೇಕಾಯಿತು. ಆ ತಾಯಂದಿರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಆದ್ದರಿಂದ ತಮ್ಮಾ, ಮನವಿ ಎರಡು ಪ್ರತಿ ಮಾಡಿಸು. ಡಿಸಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೋ. ಸಾಹೇಬರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಪೇಪರಿನಲ್ಲಿ ಬರುತ್ತದೆ, ಫೈಲಿನಲ್ಲಿ ಬರುವುದಿಲ್ಲ.

ಖಾನಾಪುರದಿಂದ ಒಬ್ಬರು:

ಕೈಗಾ 5 ಮತ್ತು 6ನೇ ಘಟಕಗಳ ಅಹವಾಲು 2018ರ ಡಿಸೆಂಬರಿನಲ್ಲಿ ನಡೆಯಿತು. ವಿರೋಧ ಜೋರಾಗಿಯೇ ಇತ್ತು. ಮುಂದಿನ ವರ್ಷ ಪರಿಸರ ಅನುಮತಿ ಸಿಕ್ಕೇಬಿಟ್ಟಿತು. ಶಿವರಾಮ ಕಾರಂತರಂಥವರು ಕೈಗಾ ವಿಷಯ ಹಿಡಿದು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು, ಆಗಲೂ ಕೈಗಾ ನಿಲ್ಲಲಿಲ್ಲ. ಹಾಗಾದರೆ ಬರೆದು ಏನು ಪ್ರಯೋಜನ, ಅಕ್ಕಾ?

ವಕೀಲೆ, ಬೆಳಗಾವಿ:

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ನಿಂತ ಉದಾಹರಣೆಯೂ ಇದೆ. ಪಶ್ಚಿಮ ಬಂಗಾಳದ ಹರಿಪುರದಲ್ಲಿ ರಷ್ಯಾ ತಂತ್ರಜ್ಞಾನದ ಸ್ಥಾವರ ಬರಬೇಕಿತ್ತು. ಫುಕುಶಿಮಾ ಆದ ವರ್ಷವೇ ಅಲ್ಲಿನ ರಾಜ್ಯ ಸರ್ಕಾರ ‘ಬೇಡ’ ಎಂದಿತು, ಅಲ್ಲಿಗೆ ಮುಗಿಯಿತು. ಅಣುಶಕ್ತಿ ಕೇಂದ್ರ ಸರ್ಕಾರಕ್ಕೆ ಸೇರಿದ ವಿಷಯ, ನಿಜ. ಆದರೆ ಜಮೀನು, ನೀರು, ರಸ್ತೆ ರಾಜ್ಯದ ಕೈಯಲ್ಲಿವೆ. ಆದ್ದರಿಂದ ಮನವಿಯನ್ನು ಮುಂಬಯಿಯ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಮಾತ್ರ ಕಳಿಸಿ ಸುಮ್ನೆ ಕೂಡಬೇಡಿ. ಮುಖ್ಯಮಂತ್ರಿ, ಇಂಧನ ಇಲಾಖೆ, ಜಲಸಂಪನ್ಮೂಲ ಇಲಾಖೆ, ಜಿಲ್ಲಾಧಿಕಾರಿ, ನಿಮ್ಮ ಶಾಸಕರು, ಸಂಸದರು, ಎಲ್ಲರಿಗೂ ಹೋಗಲಿ. ಜಾಗ ಗಟ್ಟಿಯಾಗುವ ಮೊದಲು ರಾಜ್ಯವನ್ನು ಕೇಳುವುದೇ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಖಚಿತ ಅಭಿಪ್ರಾಯ.

ಹಂತ ತಪ್ಪಬೇಡಿ. ನಿಯಂತ್ರಣ ಮಂಡಳಿ ಒಂದೇ ಸಲ ಪರವಾನಗಿ ಕೊಡುವುದಿಲ್ಲ. ಜಾಗ, ನಿರ್ಮಾಣ, ಚಾಲನೆ, ಕಾರ್ಯಾಚರಣೆ ಎಂದು ಒಂದೊಂದಕ್ಕೂ ಬೇರೆ ಸಮ್ಮತಿ ಬೇಕು. ಪರಿಸರ ಅನುಮತಿ ಮತ್ತೊಂದು ದಾರಿ. ಅದರ 2006ರ ಅಧಿಸೂಚನೆ ಪ್ರಕಾರ ಅಹವಾಲಿಗೆ ಕನಿಷ್ಠ 30 ದಿನದ ನೋಟಿಸು ಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಬೇಕು, ಸಭೆಯ ವಿಡಿಯೊ ಆಗಬೇಕು, ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಓದಿ ಹೇಳುವ ತನಕ ಯಾರೂ ಎದ್ದು ಹೋಗಬೇಡಿ. ಅನುಮತಿ ಸಿಕ್ಕರೆ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ ಮಾತ್ರ. ತಕ್ಕ ಕಾರಣ ಇದ್ದರೆ ಇನ್ನು 60 ದಿನ ಕೊಡಬಹುದು, ಅದರ ಮೇಲೆ ಒಂದು ದಿನವೂ ಇಲ್ಲ. ಎಷ್ಟೋ ಒಳ್ಳೆಯ ಕೇಸು ಇಲ್ಲಿಯೇ ಸಾಯುತ್ತವೆ.

ಮಾಹಿತಿ ಹಕ್ಕಿನ ಅರ್ಜಿಯನ್ನು ಈಗಲೇ ಹಾಕಿ. ಭದ್ರತೆಯ ಕಾರಣ ಹೇಳಿ ಕೊಡದೇ ಇರಬಹುದು. ಆದರೆ ಕೂಡಂಕುಳಂ ವಿಷಯದಲ್ಲಿ ಜಾಗದ ಮೌಲ್ಯಮಾಪನ ವರದಿ, ಸುರಕ್ಷತಾ ವಿಶ್ಲೇಷಣೆ ವರದಿ ಕೊಡಿ ಎಂದು 2012ರಲ್ಲಿ ಕೇಂದ್ರ ಮಾಹಿತಿ ಆಯೋಗ ಆದೇಶ ಮಾಡಿತ್ತು. ಅದನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಕೇಳಿದವರು, ಕೊಲ್ಹಾರ:

ಎಲ್ಲರಿಗೂ ಶರಣು. ಎಂಜಿನಿಯರ್ ಸರ್ ಹೇಳಿದ ನೀರಿನ ಪ್ರಶ್ನೆಗಳು ನಮ್ಮ ತಲೆಗೇ ಬಂದಿರಲಿಲ್ಲ. ಅಕ್ಕಾ, ಸಹಿ ಸಂಗ್ರಹ ಮಾಡಬೇಕಾ, ಗ್ರಾಮಸಭೆ ಠರಾವು ಮಾಡಿಸಬೇಕಾ? ಕೋರಿಕೆಯ ಸಾಲನ್ನು ನೀವೇ ಬರೆದು ಕೊಡುತ್ತೀರಾ?

ವಕೀಲೆ, ಬೆಳಗಾವಿ:

ಎರಡೂ ಮಾಡಿ. ಠರಾವಿಗೆ ಯೋಜನೆ ನಿಲ್ಲಿಸುವ ಶಕ್ತಿ ಇಲ್ಲ, ಆದರೆ ಅದು ಪಂಚಾಯಿತಿ ಪುಸ್ತಕದಲ್ಲಿ ಉಳಿಯುತ್ತದೆ. ಸಹಿಯ ಪಕ್ಕದಲ್ಲಿ ಊರು, ಸರ್ವೆ ನಂಬರು ಬರೆಸಿ. ಸ್ಥಾವರದ ಸುತ್ತ ತುರ್ತು ಯೋಜನೆಗೆ ರೂಢಿಯಲ್ಲಿ 16 ಕಿ.ಮೀ. ವ್ಯಾಪ್ತಿ ಹಿಡಿಯುತ್ತಾರೆ, ಅದರೊಳಗಿನ ಊರುಗಳ ಸಹಿ ಇದ್ದರೆ ತೂಕ ಹೆಚ್ಚು.

ಕೋರಿಕೆ ಹೀಗಿರಲಿ: ‘ವಿಜಯಪುರ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ಪರಿಶೀಲನೆಯಲ್ಲಿದ್ದರೆ ಆ ಜಾಗಗಳ ವಿವರವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಬೇಸಿಗೆಯ ಕೃಷ್ಣಾ ನೀರಿನ ಲಭ್ಯತೆ, ಪ್ರವಾಹ, ಭೂಕಂಪ, ಪೂರ್ತಿ ವಿದ್ಯುತ್ ಕಡಿತ ಮತ್ತು ಬಳಸಿದ ಇಂಧನದ ಸಂಗ್ರಹ ಕುರಿತು ಫುಕುಶಿಮಾ ಅಪಘಾತದ ಪಾಠಗಳನ್ನು ಒಳಗೊಂಡ ಅಧ್ಯಯನ ಮಾಡಿ ಜನರ ಮುಂದೆ ಇಡಬೇಕು. ಅದು ಆಗುವ ತನಕ ರಾಜ್ಯ ಸರ್ಕಾರ ಜಮೀನು ಮತ್ತು ನೀರಿನ ಹಂಚಿಕೆಗೆ ಒಪ್ಪಿಗೆ ಕೊಡಬಾರದು, ನಿಯಂತ್ರಣ ಮಂಡಳಿ ಜಾಗದ ಸಮ್ಮತಿ ಕೊಡಬಾರದು.’

ಕೆಳಗೆ ಎಂಜಿನಿಯರ್ ಸಾಹೇಬರ ಪ್ರಶ್ನೆಗಳನ್ನು ಹಾಗೇ ಸೇರಿಸಿ. ಕರಡು ತಯಾರಾದ ಮೇಲೆ ಇಲ್ಲೇ ಹಾಕು, ಸಹಿ ಮಾಡಿಸುವ ಮೊದಲು ನಾನು ಒಮ್ಮೆ ನೋಡುತ್ತೇನೆ.