ಮುಕ್ತ ಶಿಕ್ಷಣದ ಕಾರ್ಯಾಗಾರ ನನ್ನ ತಲೆಗೆ ಬಂದಿದೆ, ಮಾಡಿ ನೋಡಿದವರು ಹೇಳಿ

ಅರ್ಥಶಾಸ್ತ್ರ ಮೇಡಂ, ವಿಜಯನಗರ (ಕೇಳಿದ್ದು):

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮುಂದಿನ ತಿಂಗಳು ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡುವ ಘಟಕ) ಕಡೆಯಿಂದ ಮುಕ್ತ ಶಿಕ್ಷಣದ ಬಗ್ಗೆ ಒಂದು ದಿನದ ಕಾರ್ಯಾಗಾರ ಆಗಬೇಕಂತೆ. ಜವಾಬ್ದಾರಿ ನನ್ನದು. ಅಧ್ಯಾಪಕರೂ ಬರುತ್ತಾರೆ, ಎರಡನೇ ವರ್ಷದ ಬಿಎ, ಬಿಕಾಂ, ಬಿಎಸ್ಸಿ ಮಕ್ಕಳೂ ಬರುತ್ತಾರೆ. ಓಇಆರ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಪಾಠ ಸಾಮಗ್ರಿ), ಕ್ರಿಯೇಟಿವ್ ಕಾಮನ್ಸ್ (ಅದಕ್ಕೆ ಹಾಕುವ ಸಿದ್ಧ ಪರವಾನಗಿಗಳು) ಇವೆಲ್ಲ ನನಗೆ ಮೇಲುಮೇಲೆ ಗೊತ್ತು. ಸ್ಲೈಡ್ ತೋರಿಸಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವ ಕಾರ್ಯಕ್ರಮ ಆಗಬಾರದು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ನಮ್ಮವರು ನೋಟ್ಸ್ ಹಂಚಿಕೊಳ್ಳಲು ಒಪ್ಪುತ್ತಾರಾ? ಮಕ್ಕಳನ್ನು ಜೊತೆಯಲ್ಲೇ ಕೂರಿಸಬೇಕಾ?

ಕನ್ನಡ ಮೇಷ್ಟ್ರು, ಬಸವನಗುಡಿ:

ಮೇಡಂ, ಮೊದಲನೇ ಸ್ಲೈಡಿನಲ್ಲೇ ಯುನೆಸ್ಕೋ ಅಂತ ಹಾಕಬೇಡಿ. 2002ರ ಯುನೆಸ್ಕೋ ಸಭೆಯಲ್ಲಿ ಓಇಆರ್ ಅನ್ನುವ ಹೆಸರು ಹುಟ್ಟಿತು, 2019ರಲ್ಲಿ ಅದರ ಶಿಫಾರಸು ಬಂತು, ಎಲ್ಲ ಸರಿ. ಅದನ್ನು ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡುವ ಸಂಸ್ಥೆ) ವರದಿಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಬಂದು ಕೂತವರಿಗೆ ಅದು ಬೇಡ.

ನಮ್ಮವರು ಹಂಚಿಕೊಳ್ಳುವುದಿಲ್ಲ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಹಂಚುತ್ತಲೇ ಇದ್ದಾರೆ. ಯಾವ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದರೂ ಒಂದೊಂದು ಪೇಪರಿನ ನೋಟ್ಸಿಗೆ ಒಂದು ಮಾಸ್ಟರ್ ಕಾಪಿ ಇರುತ್ತದೆ, "ಮೂರನೇ ಸೆಮ್ ಕನ್ನಡ" ಅಂದರೆ ಸಾಕು, ಅಂಗಡಿಯವನೇ ತೆಗೆದು ಕೊಡುತ್ತಾನೆ. ವಾಟ್ಸಾಪಿನಲ್ಲಿ ಪಿಡಿಎಫ್ ಓಡಾಡುತ್ತವೆ. ಕಾರ್ಯಾಗಾರವನ್ನು ಅಲ್ಲಿಂದಲೇ ಶುರು ಮಾಡಿ. "ಎಲ್ಲರೂ ಫೋನ್ ತೆಗೀರಿ, ಕೊನೆಗೆ ಬಂದ ನೋಟ್ಸಿನ ಪಿಡಿಎಫ್ ತೆರೀರಿ" ಅನ್ನಿ. ಇದನ್ನು ಬರೆದವರು ಯಾರು? ತಪ್ಪಿದ್ದರೆ ನೀವು ತಿದ್ದಬಹುದಾ? ಪಕ್ಕದ ಕಾಲೇಜಿನವರು ಇದನ್ನೇ ಬದಲಾಯಿಸಿ ಪಾಠಕ್ಕೆ ಬಳಸಿದರೆ ಯಾರಾದರೂ ಬಂದು ಜಗಳ ತೆಗೆಯುತ್ತಾರಾ? ಮೂರಕ್ಕೂ ಗೊತ್ತಿಲ್ಲ ಅಂತಲೇ ಉತ್ತರ ಬರುತ್ತದೆ. ಆಮೇಲೆ ಲೈಸೆನ್ಸ್ ಅಂದರೆ ಕಿವಿ ಕೊಡುತ್ತಾರೆ. ಬರೆದವರ ಹೆಸರು ಉಳಿಯಬೇಕು, ಬೇರೆಯವರು ತಿದ್ದಿ ಬಳಸುವ ಹಕ್ಕು ಇರಬೇಕು, ಅದು ಬರವಣಿಗೆಯಲ್ಲಿ ಇರಬೇಕು. ಇಷ್ಟೇ ಅಲ್ವಾ ವಿಷಯ?

ಇನ್ನು ಮಧ್ಯಾಹ್ನದ ಕೆಲಸ. ಒಬ್ಬೊಬ್ಬ ಅಧ್ಯಾಪಕರೂ ತಾವೇ ಬರೆದ ಒಂದು ಘಟಕದ ನೋಟ್ಸ್ ತರಲಿ, ಪೂರ್ತಿ ಪೇಪರ್ ಬೇಡ, ಒಂದೇ ಘಟಕ. ಸಂಜೆ ಹೊತ್ತಿಗೆ ಅದು ಬೇರೆಯವರು ತಿದ್ದಬಹುದಾದ ಸ್ಥಿತಿಗೆ ಬರಬೇಕು. ಸುಲಭ ಅನ್ನಿಸುತ್ತದೆ, ಅಲ್ಲ. ಕನ್ನಡ, ಇತಿಹಾಸ, ರಾಜ್ಯಶಾಸ್ತ್ರದವರ ಹಳೆಯ ಫೈಲ್ ಬಹುತೇಕ ನುಡಿ ಅಥವಾ ಬರಹ ತಂತ್ರಾಂಶದ ಹಳೆ ಫಾಂಟಿನಲ್ಲಿ ಇರುತ್ತದೆ. ಆ ಫೈಲನ್ನು ಕಾಪಿ ಮಾಡಿ ಫೋನಿಗೆ ಹಾಕಿದರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೆರೆ, ಚುಕ್ಕಿ, ಸೊನ್ನೆ ಕೂತ ವಿಚಿತ್ರ ಸಾಲುಗಳು ಬರುತ್ತವೆ. ಗೂಗಲ್ಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ, ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದುವುದೂ ಇಲ್ಲ. ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರ ಪದ್ಧತಿಗೆ, ಬದಲಾಯಿಸಬೇಕು. ಆನ್‌ಲೈನಿನಲ್ಲಿ ಪುಕ್ಕಟೆ ಕನ್ವರ್ಟರ್‌ಗಳಿವೆ, ಕೆಲಸ ಮಾಡುತ್ತವೆ. ಆದರೆ ನೋಟ್ಸಿನ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅಲ್ಲಿ ಮಕ್ಕಳನ್ನು ಸೇರಿಸಿ. ಒಬ್ಬ ಅಧ್ಯಾಪಕರ ಪಕ್ಕ ಇಬ್ಬರು ಮಕ್ಕಳು, ಹಳೆಯ ಪ್ರಿಂಟು ಕೈಯಲ್ಲಿಟ್ಟುಕೊಂಡು ಸಾಲು ಸಾಲಾಗಿ ನೋಡುವುದು. ಮಕ್ಕಳು ಬೆರಳಿಟ್ಟು ತೋರಿಸುವುದು ಬರೀ ಅಕ್ಷರದ ತಪ್ಪಲ್ಲ, "ಸರ್, ಈ ಪ್ಯಾರಾ ನನಗೆ ಅವತ್ತೂ ಅರ್ಥ ಆಗಿರಲಿಲ್ಲ" ಅಂತಲೂ ಹೇಳುತ್ತಾರೆ. ನನ್ನ ಮಟ್ಟಿಗೆ ಮುಕ್ತ ಶಿಕ್ಷಣ ಅನ್ನುವುದು ನಿಜವಾಗಿ ಶುರುವಾಗುವ ಜಾಗ ಅದು. ಹಾಗಾಗಿ ಜೊತೆಯಲ್ಲೇ ಕೂರಿಸಿ.

ಕೊನೆಯಲ್ಲಿ ಒಂದು ಸಾಲು: "ಈ ಬರಹ ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ-ಎಸ್‌ಎ 4.0 ಪರವಾನಗಿಯಲ್ಲಿದೆ" (ಬರೆದವರ ಹೆಸರು ಹೇಳಬೇಕು, ತಿದ್ದಿದ್ದನ್ನೂ ಇದೇ ಪರವಾನಗಿಯಲ್ಲಿ ಹಂಚಬೇಕು ಅಂತ ಅರ್ಥ), ಕೆಳಗೆ ಬರೆದವರ ಹೆಸರು, ತಿದ್ದಿದವರ ಹೆಸರು, ವರ್ಷ. ವರ್ಷ ಮರೆಯಬೇಡಿ. 2021ರಲ್ಲಿ ಎನ್‌ಇಪಿ (ಹೊಸ ಶಿಕ್ಷಣ ನೀತಿ, ನಾಲ್ಕು ವರ್ಷದ ಪದವಿ) ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ವಾಪಸ್ ಹೋದೆವು. ಅದಕ್ಕೂ ಮೊದಲು 2017ರಲ್ಲಿ ಬೆಂಗಳೂರು ವಿವಿ ಮೂರು ಭಾಗ ಆಗಿತ್ತು. ಯಾವ ನೋಟ್ಸ್ ಯಾವ ಸಿಲಬಸ್ಸಿಗೆ ಅಂತ ಬರೆದವರಿಗೇ ನೆನಪಿರುವುದಿಲ್ಲ. ತಿದ್ದಬಹುದಾದ ಫೈಲ್ ಇದ್ದರೆ ಮಾತ್ರ ಈ ಹೊಡೆತ ತಡೆಯಬಹುದು, ಸ್ಕ್ಯಾನ್ ಮಾಡಿದ ಪಿಡಿಎಫ್ ಇದ್ದರೆ ಮತ್ತೆ ಮೊದಲಿಂದ.

ಲೈಬ್ರೇರಿಯನ್, ಮಲ್ಲೇಶ್ವರ:

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಪುಕ್ಕಟೆ ಸಿಗುವುದೆಲ್ಲ ಮುಕ್ತ ಅಲ್ಲ, ಇದನ್ನು ಒಂದು ಗಂಟೆಯಾದರೂ ಮಾತಾಡಿ. ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಕೊಡುವ ಯೋಜನೆ) ಪಾಸ್‌ವರ್ಡ್ ಇದೆಯಲ್ಲ, ಅದರಲ್ಲಿ ಸಿಗುವ ಪುಸ್ತಕ, ಜರ್ನಲ್‌ಗೆ ಇನ್‌ಫ್ಲಿಬ್‌ನೆಟ್ (ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ) ಮೂಲಕ ಚಂದಾ ವ್ಯವಸ್ಥೆ ಇದೆ, ಸದಸ್ಯ ಕಾಲೇಜಿನವರಿಗೆ ಮಾತ್ರ. ಅದನ್ನು ಇಳಿಸಿ ಗ್ರೂಪಿಗೆ ಹಾಕಿದರೆ ಮುಕ್ತ ಶಿಕ್ಷಣ ಆಗುವುದಿಲ್ಲ. ಆದರೆ ಎನ್‌ಪಿಟಿಇಎಲ್ (ಐಐಟಿ, ಐಐಎಸ್‌ಸಿಯವರ ವಿಡಿಯೋ) ಪಾಠಗಳು ಸಿಸಿ ಬೈ-ಎಸ್‌ಎ, ತುಂಡು ಮಾಡಿ ಕನ್ನಡದಲ್ಲಿ ವಿವರಣೆ ಸೇರಿಸಬಹುದು. ನಮ್ಮ ಊರಿನ ಉದಾಹರಣೆ ಬೇಕಾದರೆ ಐಐಎಸ್‌ಸಿಯವರು 2002ರಲ್ಲೇ ತಮ್ಮ ಸಂಶೋಧನಾ ಲೇಖನಗಳಿಗೆ ಮುಕ್ತ ಭಂಡಾರ ಶುರು ಮಾಡಿದ್ದನ್ನು ತೋರಿಸಿ.

ಜೆರಾಕ್ಸ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪ್ರಕಾಶಕರು 2012ರಲ್ಲಿ ಕೇಸು ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್ ಅಂಗಡಿಯ ಪರ ತೀರ್ಪು ಕೊಟ್ಟಿತು, ಪಾಠದ ಸಲುವಾಗಿ ಮಾಡುವ ಕಾಪಿಗೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಜಾಗ ಇದೆ ಅಂತ. ಅದು ನಿಮ್ಮ ಕ್ಲಾಸಿಗೆ ಸಿಕ್ಕ ವಿನಾಯಿತಿ ಅಷ್ಟೇ. ಅದೇ ಪುಟಗಳನ್ನು ನೆಟ್ಟಿಗೆ ಹಾಕಿ "ಮುಕ್ತ" ಅಂದರೆ ಆಗುವುದಿಲ್ಲ.

ಕನ್ನಡ ವಿಭಾಗದವರಿಗೆ ಇನ್ನೊಂದು ವಿಷಯ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಬರಹ ಯಾವಾಗಲೋ ಎಲ್ಲರದ್ದಾಗಿದೆ. ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರದ್ದು 2025ರ ಜನವರಿಯಿಂದ. ಕುವೆಂಪು ಅವರದಕ್ಕೆ 2055ರವರೆಗೆ ಕಾಯಬೇಕು. ಬೋರ್ಡಿನ ಮೇಲೆ ಇವನ್ನು ಬರೆದು ಮಕ್ಕಳ ಕೈಲೇ ಲೆಕ್ಕ ಹಾಕಿಸಿ, ಚೆನ್ನಾಗಿ ನಡೆಯುತ್ತದೆ.

ಅತಿಥಿ ಉಪನ್ಯಾಸಕ, ಕೆಂಗೇರಿ:

ಎಲ್ಲರೂ ಚೆನ್ನಾಗಿಯೇ ಹೇಳುತ್ತಿದ್ದೀರಿ, ಆದರೆ ನಮ್ಮ ಕಡೆಯಿಂದಲೂ ಒಂಚೂರು ನೋಡಿ. ನನಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅಂತ ಆಯ್ಕೆಯ ಕೌನ್ಸೆಲಿಂಗ್ ಆದಮೇಲೆಯೇ ಗೊತ್ತಾಗುವುದು. ಇಷ್ಟು ವರ್ಷ ಕೂತು ಬರೆದ ನೋಟ್ಸೇ ನನ್ನ ಬಂಡವಾಳ. ಅದನ್ನು ಕಾಲೇಜಿಗೆ ಬಿಟ್ಟುಕೊಟ್ಟು ನಾನು ಹೊರಗೆ ಹೋದರೆ? ಒಂದು ಕಡೆ ನನ್ನ ನೋಟ್ಸಿಗೆ ಬೇರೆಯವರ ಹೆಸರು ಹಾಕಿ ಪೋರ್ಟಲ್ಲಿಗೆ ಏರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಗೈಡು ಮಾಡುವವರು ಎತ್ತಿಕೊಂಡು ಹೋದರೆ ಕೇಳುವವರು ಯಾರು? ಕಾಯಂ ಇರುವವರಿಗೆ ಹಂಚುವುದು ಸುಲಭ.

ಕನ್ನಡ ಮೇಷ್ಟ್ರು, ಬಸವನಗುಡಿ:

ಸರ್, ನೀವು ಹೇಳಿದ್ದು ನ್ಯಾಯವಾಗಿದೆ. ಯಾರಿಗೂ ಬಲವಂತ ಮಾಡಬಾರದು, ಅತಿಥಿ ಉಪನ್ಯಾಸಕರಿಗಂತೂ ಮಾಡಲೇಬಾರದು. ಸಿಸಿ ಲೈಸೆನ್ಸ್ ಒಮ್ಮೆ ಕೊಟ್ಟರೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಅದನ್ನು ಮೊದಲೇ ಬಾಯಿ ಬಿಟ್ಟು ಹೇಳಬೇಕು. ಆದರೆ ನಿಮ್ಮ ಹೆಸರು ತೆಗೆದು ಹಾಕಿದ್ದಾರಲ್ಲ, ಅದು ನಡೆದದ್ದು ಲೈಸೆನ್ಸ್ ಇಲ್ಲದೆ ಫೈಲ್ ಓಡಾಡಿದ್ದರಿಂದ. ತಾರೀಖು, ಹೆಸರು ಸಮೇತ ನೀವೇ ಮೊದಲು ನೆಟ್ಟಿಗೆ ಹಾಕಿದ್ದರೆ ತೋರಿಸಲು ಸಾಕ್ಷಿ ಇರುತ್ತಿತ್ತು. ಗೈಡಿನವರ ಹೆದರಿಕೆ ಇದ್ದರೆ ವ್ಯಾಪಾರಕ್ಕೆ ಬಳಸಬಾರದು ಅನ್ನುವ ಎನ್‌ಸಿ ಷರತ್ತು ಸೇರಿಸಿ. ನನಗೆ ವೈಯಕ್ತಿಕವಾಗಿ ಎನ್‌ಸಿ ಇಷ್ಟ ಇಲ್ಲ, ಆ ಬರಹ ವಿಕಿಪೀಡಿಯಕ್ಕೆ ಹೋಗಲು ಬರುವುದಿಲ್ಲ. ಆದರೂ ಪೂರ್ತಿ ಮುಚ್ಚಿಡುವುದಕ್ಕಿಂತ ಎನ್‌ಸಿ ವಾಸಿ.

ಮೇಡಂ, ನಿಮಗೆ ಇನ್ನೊಂದು. ಕೆಲಸದ ಭಾಗವಾಗಿ ಬರೆದದ್ದರ ಹಕ್ಕು ಯಾರದ್ದು ಅನ್ನುವುದಕ್ಕೆ ಕಾಯ್ದೆಯಲ್ಲಿ 17ನೇ ಕಲಂ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿ ಕೊಟ್ಟವರದ್ದು ಅಂತ ವಾದ ಮಾಡಬಹುದು, ಸರ್ಕಾರಿ ಕಾಲೇಜಾದರೆ ಇನ್ನೂ ಸೂಕ್ಷ್ಮ. ಕಾರ್ಯಾಗಾರಕ್ಕೆ ಮೊದಲೇ ಪ್ರಿನ್ಸಿಪಾಲರಿಂದ ಒಂದು ಪತ್ರ ತೆಗೆದುಕೊಳ್ಳಿ: ಅಧ್ಯಾಪಕರು ತಮ್ಮ ನೋಟ್ಸನ್ನು ತಮ್ಮ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಪ್ರಕಟಿಸಲು ಕಾಲೇಜಿನ ಅಭ್ಯಂತರ ಇಲ್ಲ ಅಂತ. ಖಾಸಗಿ ಕಾಲೇಜಾದರೆ ಮ್ಯಾನೇಜ್‌ಮೆಂಟ್ ಸಹಿಯೂ ಇರಲಿ.

ವಿಕಿಯಲ್ಲಿ ಬರೆಯುವವಳು, ಜಯನಗರ:

ಮಧ್ಯಾಹ್ನ ವಿಕಿಪೀಡಿಯ ಮಾಡಿಸುವ ಯೋಚನೆ ಇದ್ದರೆ ಇಷ್ಟು ಕೇಳಿ. ಒಂದು ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ ಆರು ಖಾತೆ ಮಾತ್ರ ತೆರೆಯಲು ಬಿಡುತ್ತದೆ. ಕಾಲೇಜಿನ ವೈಫೈಯಲ್ಲಿ ಐವತ್ತು ಮಕ್ಕಳು ಒಟ್ಟಿಗೆ ಖಾತೆ ಮಾಡಲು ಕೂತರೆ ಏಳನೆಯವರಿಂದ ಎಲ್ಲರೂ ಸುಮ್ನೆ ಕಾಯಬೇಕು. ಮನೆಯಲ್ಲೇ ಖಾತೆ ಮಾಡಿಕೊಂಡು ಬರಲು ಹೇಳಿ. ಮೊದಲ ಬರವಣಿಗೆ ಪ್ರಯೋಗಪುಟದಲ್ಲೇ (ಅಭ್ಯಾಸಕ್ಕೆ ಇರುವ ಪುಟ) ಆಗಲಿ. ಗೂಗಲ್ ಅನುವಾದ ತಂದು ಸುರಿದರೆ, ಪಠ್ಯಪುಸ್ತಕದಿಂದ ಇಳಿಸಿದರೆ ಅಳಿಸುತ್ತಾರೆ, ಅಳಿಸಬೇಕಾದದ್ದೇ. "ಇಷ್ಟು ಬೈಟ್ ಬರೆದರೆ ಇಷ್ಟು ಮಾರ್ಕ್ಸ್" ಅಂತ ಮಾತ್ರ ಇಡಬೇಡಿ ದಯವಿಟ್ಟು. ಹಾಗೆ ಮಾಡಿಸಿದ ಕಡೆಯಿಂದ ಬಂದ ಲೇಖನಗಳನ್ನು ಸರಿ ಮಾಡುತ್ತಾ ನಾವು ಕೂತಿರುತ್ತೇವೆ.

ಇಲ್ಲೇ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ, ಆ ಕಡೆ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ಮಕ್ಕಳು ಕನ್ನಡ ವಿಕಿಯಲ್ಲಿ ಕೆಲಸ ಮಾಡಿದ್ದಾರೆ, ಅವರ ಪುಟಗಳನ್ನು ತೋರಿಸಬಹುದು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಸಿಸಿ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟಿದ್ದು ದೊಡ್ಡ ಆಸ್ತಿ. ಅದರ ಒಂದು ಹಳೆಯ ಲೇಖನ ತೆಗೆದು ಅಂಕಿಅಂಶ ಹೊಸದು ಮಾಡುವುದು, ಆಧಾರ ಸೇರಿಸುವುದು ಹೊಸಬರಿಗೆ ಹೇಳಿ ಮಾಡಿಸಿದ ಕೆಲಸ.

ಬಾಟನಿ, ಹೆಬ್ಬಾಳ:

ನಾವು ವಿಕಿ ಲೇಖನ ಬರೆಸುವುದಿಲ್ಲ, ಫೋಟೋ ಮಾತ್ರ. ರೆಕಾರ್ಡ್ ಪುಸ್ತಕದಲ್ಲಿ ಸೀನಿಯರ್ ಬರೆದ ಚಿತ್ರವನ್ನೇ ಜೂನಿಯರ್ ನಕಲು ಮಾಡುತ್ತಾ ಬಂದಿದ್ದರು. ಈಗ ಕ್ಯಾಂಪಸ್ಸಿನ ಹೊಂಗೆ, ಮಳೆಮರ, ಆಕಾಶಮಲ್ಲಿಗೆಯ ಎಲೆ, ಹೂವು, ಕಾಯಿ ಮೂರನ್ನೂ ಅವರೇ ಫೋಟೋ ತೆಗೆದು ಸಸ್ಯಶಾಸ್ತ್ರದ ಹೆಸರು, ಕನ್ನಡದ ಹೆಸರು, ತೆಗೆದ ಜಾಗ ಹಾಕಿ ವಿಕಿಮೀಡಿಯ ಕಾಮನ್ಸಿಗೆ (ವಿಕಿಪೀಡಿಯದ ಮುಕ್ತ ಚಿತ್ರ ಭಂಡಾರ) ಏರಿಸುತ್ತಾರೆ. ಹೆಸರು ತಪ್ಪಿದ್ದರೆ ಎಲ್ಲಿಂದಲೋ ಒಬ್ಬರು ಬಂದು ತಿದ್ದುತ್ತಾರೆ. ನನಗಿಂತ ಅವರ ಮಾತಿಗೆ ಮಕ್ಕಳು ಜಾಸ್ತಿ ಬೆಲೆ ಕೊಡುತ್ತಾರೆ, ಇರಲಿ.

ಬಿಸಿಎ ಕೊನೆಯ ವರ್ಷ, ಪೀಣ್ಯ:

ಮೇಡಂ, ವಿದ್ಯಾರ್ಥಿ ಕಡೆಯಿಂದ ಹೇಳುತ್ತೇನೆ. ನಾನು ಬರೆದ ಅಸೈನ್‌ಮೆಂಟ್ ನನ್ನದು. ನೆಟ್ಟಿಗೆ ಹಾಕುವ ಮೊದಲು ನನ್ನನ್ನು ಕೇಳಿ. "ಎಲ್ಲರೂ ಹಾಕಲೇಬೇಕು, ಇಂಟರ್ನಲ್ಸ್ ಇದೆ" ಅಂದರೆ ಅದು ಒಪ್ಪಿಗೆ ಅಲ್ಲ. ಕೆಲವು ಹುಡುಗಿಯರಿಗೆ ನಿಜ ಹೆಸರು ಹೊರಗೆ ಕಾಣುವುದು ಇಷ್ಟ ಇರಲ್ಲ, ಬೇರೆ ಹೆಸರಿನಲ್ಲಿ ಬರೆಯಲು ಬಿಡಿ. ಹೊರಗೆ ಹಾಕಲು ಒಪ್ಪದವರಿಗೂ ಅಷ್ಟೇ ಮಾರ್ಕ್ಸ್ ಸಿಗಬೇಕು. ಇದನ್ನು ಬೆಳಿಗ್ಗೆಯೇ ಅಧ್ಯಾಪಕರ ಎದುರು ಹೇಳಿಬಿಟ್ಟರೆ ನಮ್ಮವರು ಆರಾಮಾಗಿ ಕೂರುತ್ತಾರೆ. ಆಮೇಲೆ ಕಾಲೇಜಿನಲ್ಲಿ ನೆಟ್ ಸ್ಲೋ ಇದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ (ಸಾಫ್ಟ್‌ವೇರ್ ಕಲಿಸುವ ವಿಡಿಯೋ ಪಾಠ) ಮೊದಲೇ ಇಳಿಸಿಟ್ಟುಕೊಳ್ಳಿ. ಲಿಬ್ರೆಆಫೀಸ್, ಪೈಥಾನ್ ಎಲ್ಲ ಕನ್ನಡದಲ್ಲೂ ಇದೆ, ಪಿಯುಸಿವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಬಹಳ ಉಪಯೋಗ ಆಯಿತು.

ಅರ್ಥಶಾಸ್ತ್ರ ಮೇಡಂ, ವಿಜಯನಗರ:

ಎಲ್ಲರಿಗೂ ಥ್ಯಾಂಕ್ಸ್. ಪ್ರಿನ್ಸಿಪಾಲರ ಪತ್ರದ ವಿಷಯ ನನಗೆ ಹೊಳೆದೇ ಇರಲಿಲ್ಲ, ನಾಳೆಯೇ ಕೇಳುತ್ತೇನೆ. ನನ್ನ ವಿಷಯಕ್ಕೆ ಒಂದು ಉದಾಹರಣೆ ಕೊಡುತ್ತೀರಾ? ನಾನೇ ಮೊದಲು ಮಾಡಿ ತೋರಿಸಬೇಕಲ್ಲ. ಓಪನ್‌ಸ್ಟಾಕ್ಸ್ ಅನ್ನುವ ಮುಕ್ತ ಪಠ್ಯಪುಸ್ತಕ ತಾಣದ ಅರ್ಥಶಾಸ್ತ್ರ ಪುಸ್ತಕ ನೋಡಿದೆ, ಚೆನ್ನಾಗಿದೆ, ಆದರೆ ಎಲ್ಲ ಡಾಲರ್, ಎಲ್ಲ ಅಮೆರಿಕ.

ಲೈಬ್ರೇರಿಯನ್, ಮಲ್ಲೇಶ್ವರ:

ಅಮೆರಿಕ ಇದ್ದರೇ ಒಳ್ಳೆಯದು ಮೇಡಂ, ಮಕ್ಕಳಿಗೆ ಕೆಲಸ ಸಿಕ್ಕಿತಲ್ಲ. ರೈಸ್ ವಿಶ್ವವಿದ್ಯಾಲಯದವರ ಆ ಪುಸ್ತಕವನ್ನು ಬದಲಾಯಿಸಲು ಲೈಸೆನ್ಸಿನಲ್ಲೇ ಅನುಮತಿ ಇದೆ. ಬೇಡಿಕೆ-ಪೂರೈಕೆ ಅಧ್ಯಾಯದ ಒಂದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಅದರ ಜಾಗಕ್ಕೆ ಕೆ.ಆರ್. ಮಾರ್ಕೆಟ್ಟಿನ ಹೂವು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ, ಮಲ್ಲಿಗೆ ರೇಟು ಎಲ್ಲಿಗೆ ಹೋಗುತ್ತದೆ, ಹಬ್ಬ ಮುಗಿದ ಮರುದಿನ ಎಲ್ಲಿಗೆ ಬೀಳುತ್ತದೆ, ಸೇವಂತಿಗೆ ಜಾಸ್ತಿ ಬಂದ ವರ್ಷ ಏನಾಗುತ್ತದೆ. ಮಕ್ಕಳೇ ಹೋಗಿ ವ್ಯಾಪಾರಿಗಳನ್ನು ಕೇಳಿ ರೇಟು ಬರೆದುಕೊಂಡು ಬರಲಿ, ಗ್ರಾಫ್ ಅವರೇ ಹಾಕಲಿ, ಮೂಲ ಪುಸ್ತಕದ ಹೆಸರೂ ಲೈಸೆನ್ಸೂ ಕೆಳಗೆ ಇರಲಿ, ಏನು ಬದಲಾಯಿಸಿದಿರಿ ಅನ್ನುವುದನ್ನೂ ಬರೆಯಿರಿ. ಮುಂದಿನ ವರ್ಷದ ಮಕ್ಕಳು ಹೊಸ ರೇಟು ಸೇರಿಸುತ್ತಾರೆ. ಹಬ್ಬಕ್ಕೆ ಇನ್ನೂ ಸಮಯ ಇದೆಯಲ್ಲ, ಕಾರ್ಯಾಗಾರದಲ್ಲಿ ಪುಟ ಖಾಲಿ ಬಿಟ್ಟು ಕೋಷ್ಟಕ ಮಾತ್ರ ತಯಾರು ಮಾಡಿ. ಮಾರ್ಕೆಟ್ಟಿಗೆ ಹೋಗುವವರು ಬೆಳಗಿನ ಜಾವವೇ ಹೋಗಬೇಕು ಅಂತ ಹೇಳಿಡಿ, ಹತ್ತು ಗಂಟೆಗೆ ಹೋದರೆ ಸಗಟು ರೇಟು ಸಿಗುವುದಿಲ್ಲ.