ಕಾಯಿಸಿದ ಮೇಲೂ ಅಯಸ್ಕಾಂತಕ್ಕೆ ಅಂಟಿತು, ಮಕ್ಕಳಿಗೆ ಏನು ಹೇಳಲಿ?

ಪ್ರಶ್ನೆ:
ಹೈಸ್ಕೂಲ್ ಮಕ್ಕಳಿಗೆ ಸಂಯುಕ್ತಗಳ ಪಾಠ ಶುರು ಮಾಡಿದ್ದೇನೆ. ಕಬ್ಬಿಣದ ಪುಡಿಗೆ ಗಂಧಕ ಬೆರೆಸಿ ಅಯಸ್ಕಾಂತ ಹಿಡಿದೆ, ಕಬ್ಬಿಣ ಎದ್ದು ಬಂತು. ಇದು ಮಿಶ್ರಣ ಅಂತ ಎಲ್ಲರೂ ಒಪ್ಪಿದರು. ಆಮೇಲೆ ಕಾಯಿಸಿದೆ, ಕಪ್ಪು ಗಟ್ಟಿ ಸಿಕ್ಕಿತು. ಎರಡೂ ಕೂಡಿ ಹೊಸ ವಸ್ತು, ಅಂದರೆ ಸಂಯುಕ್ತ ಆಗಿದೆ, ಈಗ ಅಂಟುವುದಿಲ್ಲ ನೋಡಿ ಅಂತ ಹೇಳಿ ಅದನ್ನು ಕುಟ್ಟಿ ಅಯಸ್ಕಾಂತ ಹಿಡಿದರೆ ಒಂದಿಷ್ಟು ಚೂರು ಅಂಟಿಯೇಬಿಟ್ಟವು! "ಹಾಗಾದರೆ ಇದೂ ಮಿಶ್ರಣವೇ ಅಲ್ವಾ ಮಿಸ್?" ಅಂತ ಒಬ್ಬಳು ಕೇಳಿದಳು. ನಾಳೆ ಹೇಳುತ್ತೇನೆ ಅಂತ ಬಂದಿದ್ದೇನೆ. ಎಲ್ಲಿ ತಪ್ಪಾಯಿತು?

ಉತ್ತರ 1:
ಎರಡನ್ನೂ ತೂಕ ಮಾಡಿದ್ದಿರಾ ಮೇಡಂ? ಕಬ್ಬಿಣದ ಪರಮಾಣು ತೂಕ 56, ಗಂಧಕದ್ದು 32. ಒಂದು ಕಬ್ಬಿಣದ ಪರಮಾಣುವಿಗೆ ಒಂದು ಗಂಧಕದ ಪರಮಾಣು ಸೇರುತ್ತದೆ, ಅಂದರೆ 7 ಗ್ರಾಂ ಕಬ್ಬಿಣಕ್ಕೆ 4 ಗ್ರಾಂ ಗಂಧಕ. ತರಗತಿಗೆ ಅಷ್ಟು ಬೇಡ, 1.75 ಗ್ರಾಂಗೆ 1 ಗ್ರಾಂ ಸಾಕು. ಕಬ್ಬಿಣ ಜಾಸ್ತಿಯಾದರೆ ಮಿಕ್ಕಿದ್ದು ಕಬ್ಬಿಣವಾಗಿಯೇ ಉಳಿಯುತ್ತದೆ. ಗಂಧಕ ಸ್ವಲ್ಪ ಆವಿಯಾಗಿ ಹೋಗುವುದರಿಂದ ಅದನ್ನು ಒಂದು ಚಿಟಿಕೆ ಹೆಚ್ಚಾಗಿಯೇ ಹಾಕಿ. ಪುಡಿ ನುಣ್ಣಗಿರಲಿ, ದಪ್ಪ ಚೂರಿನ ಒಳಗಿನ ಕಬ್ಬಿಣಕ್ಕೆ ಗಂಧಕ ಮುಟ್ಟುವುದೇ ಇಲ್ಲ.

ಆ ಹುಡುಗಿಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಅವಳು ಹೇಳಿದ್ದು ಸರಿಯೇ. ನಿಮ್ಮ ಕೈಲಿದ್ದದ್ದು ಸಂಯುಕ್ತ ಮತ್ತು ಮಿಕ್ಕ ಕಬ್ಬಿಣದ ಮಿಶ್ರಣ. ಮಿಶ್ರಣವನ್ನು ಯಾವ ಅಳತೆಯಲ್ಲಾದರೂ ಮಾಡಬಹುದು, ಸಂಯುಕ್ತ ಹಾಗಲ್ಲ, ತನಗೆ ಬೇಕಾದಷ್ಟೇ ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಫ್ರಾನ್ಸಿನ ಪ್ರೂಸ್ಟ್ 18ನೇ ಶತಮಾನದ ಕೊನೆಯಲ್ಲಿ ಹೇಳಿದ ಸ್ಥಿರಾನುಪಾತ ನಿಯಮ ಇದೇ. ನೀರೂ ಅಷ್ಟೇ, ಎಲ್ಲಿಂದ ತಂದರೂ 1 ಪಾಲು ಹೈಡ್ರೋಜನ್‌ಗೆ 8 ಪಾಲು ಆಕ್ಸಿಜನ್, ತೂಕದಲ್ಲಿ.

ಉತ್ತರ 2:
ಮತ್ತೆ ಮಾಡುವಾಗ ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಗಂಧಕಕ್ಕೆ ಬೆಂಕಿ ಹತ್ತಿದರೆ ಬರುವ ಸಲ್ಫರ್ ಡೈಆಕ್ಸೈಡ್ ಉಬ್ಬಸ ಇರುವ ಮಕ್ಕಳಿಗೆ ಬಹಳ ತೊಂದರೆ ಕೊಡುತ್ತದೆ. ಕಪ್ಪು ಗಟ್ಟಿಗೆ ಆಸಿಡ್ ಹಾಕಲು ಹೋಗಬೇಡಿ, ವಿಷಗಾಳಿ ಬರುತ್ತದೆ.

ಇನ್ನೊಂದು, ಪ್ರನಾಳದ ತಳ ಕೆಂಪಾಗುತ್ತಿದ್ದಂತೆ ಬರ್ನರ್ ಪಕ್ಕಕ್ಕೆ ಸರಿಸಿ, ಸುಮ್ನೆ ನೋಡಲು ಹೇಳಿ. ಉರಿ ಇಲ್ಲದೆಯೂ ಆ ಕೆಂಪು ತಾನಾಗಿ ಮೇಲಕ್ಕೆ ಹರಡುತ್ತಾ ಹೋಗುತ್ತದೆ. ಬಿಸಿ ಎಲ್ಲಿಂದ ಬಂತು ಅಂತ ಮಕ್ಕಳೇ ಕೇಳುತ್ತಾರೆ. ಬರೀ ಬೆರೆಸಿದಾಗ ಆಗದ ಏನೋ ಒಂದು ಇಲ್ಲಿ ಆಗುತ್ತಿದೆ ಅಂತ ಅವರಿಗೆ ಕಣ್ಣಾರೆ ಕಾಣುವುದು ಆಗಲೇ.

ಉತ್ತರ 3:
ಸೂತ್ರ ಬರೆಸಲು ಅವಸರ ಮಾಡಬೇಡಿ ಅಂತ ನನ್ನ ಅಭಿಪ್ರಾಯ. ವೇಲೆನ್ಸಿ (ಒಂದು ಪರಮಾಣು ಎಷ್ಟು ಬಂಧ ಮಾಡಬಲ್ಲದು ಎಂಬ ಸಂಖ್ಯೆ) ಅದಲು ಬದಲು ಮಾಡಿ ಸೂತ್ರ ಬರೆಯುವುದನ್ನು ಮಕ್ಕಳು ಒಂದೇ ದಿನದಲ್ಲಿ ಕಲಿಯುತ್ತಾರೆ, ಆದರೆ ನೀರಿನ ಸೂತ್ರ H₂O ದಲ್ಲಿರುವ ಆ ಪುಟ್ಟ 2 ಯಾರದು ಅಂತ ಕೇಳಿದರೆ ಗೊತ್ತಿರುವುದಿಲ್ಲ. ನಾನು ಬಣ್ಣದ ಮಣಿ ಕೊಡುತ್ತೇನೆ. ಬಿಳಿ ಹೈಡ್ರೋಜನ್, ಕೆಂಪು ಆಕ್ಸಿಜನ್. ಎರಡು ಬಿಳಿ, ಒಂದು ಕೆಂಪು ಸೇರಿದರೆ ನೀರು. ಇನ್ನೊಂದು ಕೆಂಪು ಸೇರಿಸಿದರೆ ಹೈಡ್ರೋಜನ್ ಪೆರಾಕ್ಸೈಡ್, ಕುಡಿಯುವ ಹಾಗೇ ಇಲ್ಲ! ಒಂದು ಮಣಿಗೆ ಇಷ್ಟು ವ್ಯತ್ಯಾಸ. ಆದರೆ ಉಪ್ಪಿಗೆ ಮಣಿಯ ಜೋಡಿ ಮಾಡಿಸಬೇಡಿ. ಅದರಲ್ಲಿ ಬಿಡಿ ಬಿಡಿ ಅಣುಗಳಿಲ್ಲ, ಸೋಡಿಯಂ, ಕ್ಲೋರೈಡ್ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ತೂಕ ಮಾಡಿರಲಿಲ್ಲ, ಎರಡನ್ನೂ ಒಂದೊಂದು ಚಮಚ ಹಾಕಿದ್ದೆ. ಒಂದೇ ಚಮಚ ಆದರೂ ಕಬ್ಬಿಣ ಎಷ್ಟೋ ಭಾರ, ಅದು ನನಗೆ ಹೊಳೆಯಲೇ ಇಲ್ಲ. ನಾಳೆ ಆ ಹುಡುಗಿಯ ಕೈಯಲ್ಲೇ ಎರಡು ಚಮಚವನ್ನೂ ತೂಗಿಸುತ್ತೇನೆ. ಎಷ್ಟು ಕಬ್ಬಿಣ ಮಿಕ್ಕಿರಬೇಕು ಅಂತ ಅವಳೇ ಲೆಕ್ಕ ಹಾಕಲಿ.